ಎರಡು ಕೊಂಬಿನ ಡಬ್ಬಿ

ಹಳ್ಳಿಯಲ್ಲಿ ಹುಟ್ಟಿದವನು ಏನು ಬೇಕಾದರೂ ಆಗಬಹುದು, ಫಿಸಿಕ್ಸ್ ಮೇಷ್ಟ್ರು ಮಾತ್ರ ಆಗಬಾರದು. ಹಣೆಬರಹ ನೆಟ್ಟಗಿಲ್ಲದೆ ಆಗಿಯೇಬಿಟ್ಟರೂ ಅದನ್ನು ಊರಿನಲ್ಲಿ ಬಾಯಿಬಿಟ್ಟು ಹೇಳಬಾರದು. ಕನ್ನಡ ಮೇಷ್ಟ್ರನ್ನು ಕರೆದು ಯಾರೂ ಹಾಲು ಕೊಡದ ಎಮ್ಮೆಗೆ ಷಟ್ಪದಿ ಹೇಳಿಸುವುದಿಲ್ಲ. ಹಿಸ್ಟರಿ ಮೇಷ್ಟ್ರ ಮನೆ ಬಾಗಿಲಿಗೆ ಬಂದು, ನಮ್ಮ ಹೊಲದ ಬದು ರಾಜರ ಕಾಲದಲ್ಲಿ ಎಲ್ಲಿತ್ತು ಎಂದು ಕೇಳುವುದಿಲ್ಲ. ಆದರೆ ಕಟ್ಟೆಮಳಲವಾಡಿಯ ಕೆಟ್ಟ ಮಿಕ್ಸಿ, ಸುಟ್ಟ ಮೋಟಾರು, ಮೂಗು ಹಿಡಿದಂತೆ ಹಾಡುವ ರೇಡಿಯೋ ಎಲ್ಲವೂ ನನ್ನ ಸಂಬಂಧಿಕರು. 'ಮೇಷ್ಟ್ರು ಅದ್ನೇ ಅಲ್ವಾ ಓದಿರದು' ಎಂದು ತಂದು ಜಗಲಿಯ ಮೇಲೆ ಇಟ್ಟು ಹೋಗುತ್ತಾರೆ. ನಾನು ಓದಿರುವುದು ಅದನ್ನಲ್ಲ, ಅದರ ತತ್ತ್ವವನ್ನು, ತತ್ತ್ವ ಬೇರೆ ಯಂತ್ರ ಬೇರೆ ಎಂದು ನಾನು ವಿವರಿಸಲು ಶುರುಮಾಡುವ ಹೊತ್ತಿಗೆ ಅವರು ಬೀದಿಯ ತಿರುವು ದಾಟಿರುತ್ತಾರೆ.

ಹುಣಸೂರಿನ ಕಾಲೇಜಿನಲ್ಲಿ ನಾನು ವರ್ಷಾನುಗಟ್ಟಲೆ ವಿದ್ಯುತ್ಕಾಂತೀಯ ಅಲೆಗಳ ಪಾಠ ಮಾಡಿದ್ದೇನೆ. ಸೂರ್ಯನಿಂದ ಭೂಮಿಗೆ ಅಲೆ ತರಬೇಕೆ? ಸೀಮೆಸುಣ್ಣದ ಒಂದೇ ಗೀಟಿನಲ್ಲಿ ತಂದುಬಿಡುತ್ತೇನೆ. ಅಂಥ ನನಗೆ ನಮ್ಮದೇ ಮನೆಯ ಮುಂದಿನ ಕೋಣೆಯಿಂದ ನಡುಮನೆಗೆ ಒಂದು ಅಲೆ ತರಲು ಇಡೀ ಒಂದು ಚಳಿಗಾಲ ಹಿಡಿಯಿತು. ಮಧ್ಯೆ ಇದ್ದದ್ದು ಒಂದು ಮಣ್ಣಿನ ಗೋಡೆ ಮತ್ತು ನಮ್ಮ ಅವ್ವ. ಎರಡರಲ್ಲಿ ಗೋಡೆಯೇ ಎಷ್ಟೋ ಮೆತ್ತಗೆ ಎಂದು ಈಗ ಅನ್ನಿಸುತ್ತದೆ.

ವಿಷಯ ನನ್ನ ತಂಗಿ ಸವಿತಳ ಮದುವೆಯದು. ಅಪ್ಪ ತೀರಿಹೋದ ಮೇಲೆ ಆ ಜವಾಬ್ದಾರಿ ನನ್ನ ತಲೆಗೆ ಬಂತು. ಸವಿತ ಹುಣಸೂರಿನ ಒಂದು ಶಾಲೆಯಲ್ಲಿ ಲೆಕ್ಕದ ಟೀಚರು. ಮಾತು ಕಡಿಮೆ, ಆಡಿದರೆ ಎದುರಿಗಿದ್ದವರಿಗೆ ಮತ್ತೆ ಮಾತು ಹೊರಡುವುದಿಲ್ಲ. ಅಂತರಸಂತೆಯ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ಲೋಕೇಶ, ಮಸ್ಕತ್ತಿನ ದೊಡ್ಡ ಹೋಟೆಲೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಕೆಲಸ. ಯುಗಾದಿ ಕಳೆಯುವ ತನಕ ರಜೆ ಇಲ್ಲ. ಅವನ ಅಪ್ಪ ಫಾರೆಸ್ಟ್ ಇಲಾಖೆಯಿಂದ ನಿವೃತ್ತರಾದ, ಎಲ್ಲದಕ್ಕೂ ಒಂದು ದಾರಿ ಕಂಡಿಟ್ಟುಕೊಂಡ ಮನುಷ್ಯ. "ಈಗೆಲ್ಲ ಕಂಪ್ಯೂಟ್ರಲ್ಲೇ ನೋಡ್ತರೆ ಕಣ್ರೀ ಮೇಷ್ಟ್ರೇ. ನಮ್ಮುಡ್ಗ ಅಲ್ಲಿಂದ್ಲೇ ನೋಡ್ಲಿ, ನಾವು ಇಲ್ಲಿ ಬಂದು ಉಪ್ಪಿಟ್ಟು ತಿಂತೀವಿ" ಎಂದರು. ಲ್ಯಾಪ್‌ಟಾಪ್ ಎಂದರೆ ಊರವರು ಚಪ್ಪಲಿ ಬಿಟ್ಟು ಒಳಗೆ ಬಂದು ನೋಡುತ್ತಿದ್ದ ಕಾಲ ಅದು. ಅಂಥದೊಂದು ನನ್ನ ಬಳಿ ಇತ್ತು, ಫೋನಿನ ಲೈನಿನಲ್ಲಿ ಇಂಟರ್ನೆಟ್ಟೂ ಇತ್ತು. ಏನಂತೆ, ಮಾಡೋಣ ಎಂದುಬಿಟ್ಟೆ.

ಫೋನಿನ ತಂತಿ ಬರುವುದು ಮುಂದಿನ ಕೋಣೆಗೆ. ಆ ಕೋಣೆಯ ತುಂಬ ಹರಾಜಿಗೆ ಹೋಗಬೇಕಾದ ಹೊಗೆಸೊಪ್ಪಿನ ಬೇಲುಗಳು. ಉಳಿದ ಒಂದು ಮೂಲೆಯಲ್ಲಿ ನನ್ನ ಮೇಜು, ಕುರ್ಚಿ. ಆ ಕುರ್ಚಿಯಲ್ಲಿ ಕೂತರೆ ಮುಖ ದಕ್ಷಿಣಕ್ಕೆ. ಅವ್ವ ಹೌಹಾರಿದಳು. "ಹೆಣ್ಣು ತೆಂಕಲಾಗಿ ಕೂತ್ಕಂಡು ಗಂಡು ನೋಡ್ತಾಳಾ? ಯಮನ್ನ ನೋಡಾಕೆ ಕೂರ್ಸಿದ್ದೀಯಾ? ನಡುಮನೇಲಿ ಮೂಡ್ಲಾಗಿ ಕೂರ್ಬೇಕು." ಸರಿ, ತಂತಿಯನ್ನೇ ಉದ್ದ ಮಾಡಿ ನಡುಮನೆಗೆ ಎಳೆಯುತ್ತೇನೆ ಎಂದೆ. "ಹೊಸಿಲ ಮ್ಯಾಲೆ ಹಾವಿನಂಗೆ ವೈರ್ ಬಿದ್ದಿದ್ರೆ ಬಂದ ಬೀಗರು ದಾಟ್ಕಂಡು ಬರ್ಬೇಕಾ?" ಗೋಡೆಗೆ ತೂತು ಹೊಡೆಸುತ್ತೇನೆ ಎಂದೆ. "ಮದ್ವೆ ಮಾತಾಡೋ ಮನೆ ಗೋಡೆ ಒಡೀತಾನಂತೆ! ಓದಿ ಓದಿ ಮರುಳಾದ." ಹೋಗಲಿ, ಇಬ್ಬರೂ ಫೋನಿನಲ್ಲಿ ಮಾತಾಡಿಕೊಳ್ಳಲಿ ಎಂದರೆ, ಒಪ್ಪಿಗೆ ಆಗದೆ ಹುಡುಗಿ ಒಬ್ಬಳೇ ಫೋನು ಹಿಡಿದು ನಿಲ್ಲುವುದು ನಮ್ಮ ವಂಶದಲ್ಲೇ ಇಲ್ಲವಂತೆ. ನಮ್ಮ ವಂಶದಲ್ಲಿ ಫೋನು ಬಂದದ್ದೇ ಮೊನ್ನೆ ಮೊನ್ನೆ. ಹೀಗೆ ಪೂರ್ವ ದಿಕ್ಕು, ಹೊಸಿಲು, ಗೋಡೆ, ವಂಶ ಎಲ್ಲ ಸೇರಿ ನಮ್ಮ ಮನೆಗೆ ವೈರ್‌ಲೆಸ್ ರೂಟರ್ ಬರುವ ಹಾಗೆ ಮಾಡಿದವು.

ಮೊದಲನೆಯದನ್ನು ಹುಣಸೂರಿನಲ್ಲೇ, ಜೆರಾಕ್ಸ್ ಜೊತೆಗೆ ಕಂಪ್ಯೂಟರೂ ಮಾರುವ ಅಂಗಡಿಯಲ್ಲಿ ಕೊಂಡೆ. ಸೋಪಿನ ಡಬ್ಬಿಯಷ್ಟು ದೊಡ್ಡದು, ಒಂದು ಆಂಟೆನಾ, ಸಾಲಾಗಿ ಹಸಿರು ದೀಪ. ಅದರ ಸ್ವಭಾವ ನಮ್ಮ ಕಾಲೇಜಿನ ಕೆಲವು ಹುಡುಗರಂತೆ. ನಾನೊಬ್ಬನೇ ಇದ್ದಾಗ ಕೇಳಿದ್ದಕ್ಕೆಲ್ಲ ಉತ್ತರ. ಇನ್ಸ್‌ಪೆಕ್ಟರು ಬಂದಾಗ ಮೂಕ. ಕೆಟ್ಟು ಕೂತರೂ ದೀಪ ಮಾತ್ರ ಆರುತ್ತಿರಲಿಲ್ಲ, ನೋಡಿ, ನನ್ನ ಹೊಟ್ಟೆ ಉರಿದದ್ದು ಅದಕ್ಕೆ. ಕೆಟ್ಟಿದ್ದರೆ ಕೆಟ್ಟಿದ್ದೇನೆ ಎಂದು ಹೇಳು ಮಾರಾಯ! ಕಂಪನಿಯವರ ಸಹಾಯದ ನಂಬರಿಗೆ ಫೋನು ಮಾಡಿದೆ. ಹಾಡು ಕೇಳಿಸಿದರು. ಬೇಕಾದಷ್ಟು ಹಾಡು ಕೇಳಿದ ಮೇಲೆ ಒಂದು ಹುಡುಗಿ ಬಂದಳು.

"ದೀಪ ಯಾವ ಬಣ್ಣ ಇದೆ ಸಾರ್?"

"ಹಸಿರು."

"ಹಸಿರಿದ್ರೆ ಸರಿಯಾಗಿದೆ ಸಾರ್."

"ಸರಿಯಾಗಿಲ್ಲಮ್ಮ, ಅದಕ್ಕೇ ಫೋನು ಮಾಡಿದ್ದು."

"ಹಂಗಾದ್ರೆ ದೀಪ ಹಸಿರಿಲ್ವಾ ಸಾರ್?"

ಸಿಟ್ಟು ನೆತ್ತಿಗೇರಿತು. ಕೊನೆಗೆ ಆಕೆ, ಒಂದು ಸಲ ಆಫ್ ಮಾಡಿ ಆನ್ ಮಾಡಿ ಎಂದಳು. ಈ ವಿದ್ಯೆಗೆ ಇರುವುದು ಅದೊಂದೇ ಮಂತ್ರ. ಅದನ್ನು ನಮ್ಮ ಅವ್ವ ರೇಡಿಯೋ ಕಾಲದಿಂದ ಮಾಡಿಕೊಂಡು ಬಂದಿದ್ದಾಳೆ. ಜೊತೆಗೆ ತಲೆಯ ಮೇಲೆ ಒಂದು ಪೆಟ್ಟು ಬೇರೆ ಕೊಡುತ್ತಾಳೆ. ನಿಜ ಹೇಳಬೇಕೆಂದರೆ ಪೆಟ್ಟಿನಿಂದ ಗುಣ ಹೆಚ್ಚು.

ಮಸ್ಕತ್ತಿನಲ್ಲಿ ಶುಕ್ರವಾರ ರಜೆಯಂತೆ. ನಮಗೂ ಶುಕ್ರವಾರ ಒಳ್ಳೆಯ ದಿನ. ಅರ್ಧ ದಿನ ರಜೆ ಹಾಕಿ ಬಂದೆ. ನಡುಮನೆಯಲ್ಲಿ ಕಸೂತಿ ಬಟ್ಟೆ ಹೊದಿಸಿದ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್, ಎದುರಿಗೆ ಪೂರ್ವಾಭಿಮುಖವಾಗಿ ರೇಷ್ಮೆ ಸೀರೆಯ ಸವಿತ, ಪಕ್ಕದಲ್ಲಿ ಲೋಕೇಶನ ಅಪ್ಪ ಅಮ್ಮ, ಅವರ ಕೈಯಲ್ಲಿ ಉಪ್ಪಿಟ್ಟು ಕೇಸರಿಬಾತು. ಪರದೆಯ ಮೇಲೆ ಹುಡುಗ ಬಂದ. ಲಕ್ಷಣವಾಗಿದ್ದ. "ನಮಸ್ಕಾರ, ನಾನು ಲೋ..." ಎಂದವನು ಅರ್ಧ ಬಾಯಿ ತೆರೆದು, ಒಂದು ಕಣ್ಣು ಮುಚ್ಚಿಕೊಂಡು ಹಾಗೇ ನಿಂತುಬಿಟ್ಟ. ನಾನು ಮುಂದಿನ ಕೋಣೆಗೆ ಓಡಿದೆ; ಎಲ್ಲ ದೀಪವೂ ಹಸಿರು. ಆಫ್ ಮಾಡಿದೆ, ಆನ್ ಮಾಡಿದೆ, ಯಾರೂ ನೋಡದಂತೆ ಒಂದು ಪೆಟ್ಟೂ ಕೊಟ್ಟೆ. ವಾಪಸು ಬಂದರೆ ಹುಡುಗನ ದನಿ ಮಾತ್ರ, "...ತುಂಬಾ ಇಷ್ಟ..." ಎಂದು ಬಂದು ಮಾಯವಾಯಿತು.

"ನೋಡಿದ್ರಾ, ಇಷ್ಟ ಅಂದ್ಬುಟ್ಟ!" ಎಂದರು ಲೋಕೇಶನ ಅಪ್ಪ. "ನಮ್ಮುಡ್ಗ ಮಾತು ಕಮ್ಮಿ ಕಣ್ರೀ. ಆಡಿದ್ರೆ ಒಂದೇ ಮಾತು." ಮಗನನ್ನು ಕಂಡು ವರ್ಷಗಳೇ ಆಗಿದ್ದ ಆ ತಾಯಿ, ನಿಂತುಹೋದ ಮುಖವನ್ನೇ ನೋಡುತ್ತ ಕಣ್ಣು ಒರೆಸಿಕೊಂಡರು. ಅವ್ವನಿಗಂತೂ ಹಾಲು ಕುಡಿದಷ್ಟು ಸಂತೋಷ. "ಎಂಥಾ ಗಂಭೀರ! ಮಾತಾಡೋ ಗಂಡಸ್ರು ಯಾವ ಕೆಲ್ಸಕ್ಕೆ ಬತ್ತರೆ?" ಎಂದು ನನ್ನ ಕಡೆ ಯಾಕೆ ನೋಡಿದಳೋ ತಿಳಿಯಲಿಲ್ಲ.

ಬೀಗರು ಹೋದ ಮೇಲೆ ಸವಿತ ಸೀರೆ ಮಡಿಸುತ್ತ ಕೇಳಿದಳು, "ಏನು ಇಷ್ಟ ಅಂದಿದ್ದು ಅವರು? ನಾನಾ, ಉಪ್ಪಿಟ್ಟಾ?" ಮಡಿಸಿದ ಸೀರೆಯನ್ನು ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದಳು. "ಅಣ್ಣ, ನಾನು ಕೇಳಬೇಕಾಗಿರೋದು ಒಂದೇ ಮಾತು. ಮದುವೆ ಆದ ಮೇಲೂ ನಾನು ಪಾಠ ಮಾಡಬಹುದಾ ಅಂತ. ಅವರು ಏನಂತಾರೆ ಅಂತ ನೆಟ್ಟಗೆ ಕೇಳಿಸ್ಬುಡು. ಆಮೇಲೆ ಹ್ಞೂಂ ಅನ್ನೋದೋ ಉಹುಂ ಅನ್ನೋದೋ ಹೇಳ್ತೀನಿ." ಅತ್ತ ಹುಡುಗನ ಕಡೆಯವರು ಯುಗಾದಿಯೊಳಗೆ ಒಂದು ಮಾತು ಹೇಳಿಬಿಡಿ ಎಂದಿದ್ದರು; ಪಿರಿಯಾಪಟ್ಟಣದ ಕಡೆ ಇನ್ನೊಂದು ಹೆಣ್ಣು ಇದೆಯಂತೆ. ಹೀಗೆ ನನ್ನ ತಂಗಿಯ ಬಾಳು ಒಂದು ಸೋಪಿನ ಡಬ್ಬಿಯ ಕೈಗೆ ಸಿಕ್ಕಿಕೊಂಡಿತು.

ಎರಡನೆಯ ರೂಟರನ್ನು ಕೆಮಿಸ್ಟ್ರಿ ಮೇಷ್ಟ್ರ ಮಾತು ಕೇಳಿ ಮೈಸೂರಿನಿಂದ ತಂದೆ. ಕೆಮಿಸ್ಟ್ರಿಯವರ ಮಾತು ಕೇಳಬಾರದು ಎಂದು ನನಗೆ ಗೊತ್ತಿರಬೇಕಿತ್ತು. ಇದರದು ನೀಲಿ ದೀಪ. ನೋಡಲು ಬಹಳ ಶ್ರೀಮಂತ. ಸ್ವಲ್ಪ ಹೊತ್ತಾಗುತ್ತಲೇ ದೋಸೆ ಕಾವಲಿಯ ಹಾಗೆ ಕಾಯುತ್ತಿತ್ತು, ಕಾದೊಡನೆ ಕೆಲಸ ನಿಲ್ಲಿಸುತ್ತಿತ್ತು. ಅವ್ವ ಕರುಣೆಯಿಂದ ಒದ್ದೆ ಬಟ್ಟೆ ಹಿಂಡಿಕೊಂಡು ಅದರ ಹಣೆಯ ಮೇಲೆ ಹಾಕಲು ಹೋಗಿದ್ದಳು, ಪುಣ್ಯಕ್ಕೆ ನಾನು ಕಂಡು ಕೈ ಹಿಡಿದುಕೊಂಡೆ. ಆಗ ನನಗೊಂದು ಸಿದ್ಧಾಂತ ಹೊಳೆಯಿತು. ಗೋಡೆಯ ಪಕ್ಕ ಸೂರಿನ ತನಕ ಪೇರಿಸಿದ್ದ ಹೊಗೆಸೊಪ್ಪಿನ ಬೇಲುಗಳೇ ಅಲೆಗಳನ್ನು ಹೀರಿಕೊಳ್ಳುತ್ತಿವೆ! ಎಲೆಯಲ್ಲಿ ತೇವಾಂಶ ಇದೆ, ತೇವಾಂಶ ಅಲೆಯನ್ನು ನುಂಗುತ್ತದೆ, ಪಾಠದಲ್ಲೇ ಇದೆ. ಆಳುಗಳನ್ನು ಕರೆದು ಬೇಲುಗಳನ್ನೆಲ್ಲ ಜಗಲಿಗೆ ಹಾಕಿಸಿದೆ. ಅಂದೇ ಇಬ್ಬನಿ ಬೀಳಬೇಕೆ? ಬೆಳಗ್ಗೆ ಅವ್ವ ಒಂದು ಎಲೆ ಎಳೆದು ಮುಟ್ಟಿ ನೋಡಿ, ಅದನ್ನು ನನ್ನ ಮುಖದ ಮುಂದೆ ಹಿಡಿದು, "ಒಲೆಗೆ ಬೆಂಕಿ ಹಾಕಿ ಹಾಕಿ ಒಣಗ್ಸಿದ್ನಲ್ಲಲಾ ಇದ! ಮೆತ್ತಗಾದ ಸೊಪ್ಪ ಹರಾಜಲ್ಲಿ ಯಾವನ್ಲಾ ಕೂಗ್ತಾನೆ? ನಿನ್ನ ಅಲೆ ಬಂದು ಕೂಗ್ತದಾ?" ಎಂದಳು. ಆಳುಗಳು ನಗು ತಡೆದುಕೊಂಡು ಬೇಲುಗಳನ್ನು ಮತ್ತೆ ಒಳಗೆ ಹಾಕಿದರು. ಅಲೆ ಮೊದಲಿನಷ್ಟೇ ಬರುತ್ತಿತ್ತು, ಅಂದರೆ ಬರುತ್ತಿರಲಿಲ್ಲ.

ಎರಡನೆಯ ಶುಕ್ರವಾರ ಮತ್ತೆ ಅದೇ ಉಪ್ಪಿಟ್ಟು, ಅದೇ ಬೀಗರು. ಈ ಸಲ ಚಿತ್ರ ನಿಲ್ಲಲಿಲ್ಲ, ಬರಲೇ ಇಲ್ಲ. ದನಿ ಬರುತ್ತಿತ್ತು, ಆದರೆ ಬಹಳ ತಡವಾಗಿ. ಅವ್ವ ಮೊದಲು, "ಊಟ ಆಯ್ತೇನಪ್ಪಾ?" ಎಂದು ಕೇಳಿದಳು. ಉತ್ತರವಿಲ್ಲ. ಸವಿತ ಗಂಟಲು ಸರಿಮಾಡಿಕೊಂಡು, "ಮದುವೆ ಆದ ಮೇಲೂ ನಾನು ಟೀಚರ್ ಕೆಲಸ ಮಾಡಬೇಕು ಅಂತಿದೀನಿ. ನಿಮಗೆ ಒಪ್ಪಿಗೆನಾ?" ಎಂದಳು. ತಕ್ಷಣ ಸ್ಪಷ್ಟವಾಗಿ ಬಂತು ದನಿ: "ಹ್ಞೂಂ, ಆಯ್ತು." ನಡುಮನೆಯಲ್ಲಿ ಸಂಭ್ರಮವೋ ಸಂಭ್ರಮ. ಲೋಕೇಶನ ಅಪ್ಪ ನನ್ನ ಬೆನ್ನು ತಟ್ಟಿದರು. ನನ್ನ ಹೆಂಡತಿ ಮಂಜುಳ ಕೇಸರಿಬಾತಿನ ಎರಡನೇ ಸುತ್ತು ತಂದಳು. ಅಲೆಯ ಶಾಸ್ತ್ರ ಬಲ್ಲ ನನಗೆ ಮಾತ್ರ ಗೊತ್ತಿತ್ತು, ಆ 'ಆಯ್ತು' ಊಟದ್ದು. ಲೆಕ್ಕದ ಟೀಚರಿಗೂ ಗೊತ್ತಾಗಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಕೇಸರಿಬಾತಿನ ತಟ್ಟೆ ಕೆಳಗಿಟ್ಟೆ.

ಇನ್ನು ಪರರ ಮಾತು ಬೇಡ, ನಾನೇ ಓದಿ ಆರಿಸುತ್ತೇನೆ ಎಂದು ಪಣತೊಟ್ಟೆ. ಕಂಪ್ಯೂಟರ್ ಪತ್ರಿಕೆಗಳನ್ನು ತಂದು ಗುಡ್ಡೆ ಹಾಕಿದೆ. ಹೊಸ ತಳಿಯ ರೂಟರುಗಳು ಬಂದಿವೆಯೆಂದೂ, ಎರಡು ಆಂಟೆನಾ ಇದ್ದರೆ ದಪ್ಪ ಗೋಡೆಯ ಆಚೆಗೂ ಹೆಚ್ಚು ದೂರ ಹೋಗುತ್ತದೆಂದೂ, ಕಾಯದಂತೆ ಗಾಳಿಕಿಂಡಿ ಇರಬೇಕೆಂದೂ ತಿಳಿದುಕೊಂಡೆ. ಇಂಥದೇ ಬೇಕು ಎಂದು ಗಟ್ಟಿಮಾಡಿಕೊಂಡು ಮೈಸೂರಿಗೆ ಹೊರಟರೆ, ಬೆಟ್ಟದಪುರದಿಂದ ಬಂದಿದ್ದ ನಮ್ಮ ದೊಡ್ಡಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದುನಿಂತರು. "ನೀನು ಎರಡು ಸಲ ಟೋಪಿ ಹಾಕಿಸ್ಕಂಡಿದ್ದೀಯ. ನಡಿ, ನಾನು ನೋಡ್ತೀನಿ." ದೊಡ್ಡಪ್ಪನಿಗೆ ಗೊತ್ತಿರುವುದು ಎತ್ತು. ಸುತ್ತಮುತ್ತ ಯಾರೇ ಎತ್ತು ಕೊಳ್ಳಲಿ, ಅದರ ಮೈಮೇಲಿನ ಸುಳಿ ನೋಡಲು ಅವರೇ ಹೋಗಬೇಕು. ರೂಟರಿಗೆ ಸುಳಿ ಇರುವುದಿಲ್ಲ ದೊಡ್ಡಪ್ಪ ಎಂದೆ. "ಕೊಳ್ಳೋ ವಸ್ತು ಅಂದ್ಮೇಲೆ ಎಲ್ಲಾರ ಒಂದು ಕಡೆ ಇದ್ದೇ ಇರ್ತದೆ ಬುಡು" ಎಂದರು.

ಮೈಸೂರಿನ ಅಂಗಡಿಯಲ್ಲಿ ಗಾಜಿನ ಮೇಜಿನ ಮೇಲೆ ರೂಟರುಗಳನ್ನು ಸಾಲಾಗಿ ಇಟ್ಟರು. ಟೈ ಕಟ್ಟಿಕೊಂಡ ಅಂಗಡಿಯವನು ಇಂಗ್ಲಿಷಿನಲ್ಲಿ ಗುಣಗಾನ ಆರಂಭಿಸಿದ. ದೊಡ್ಡಪ್ಪ ಅವನನ್ನು ಕೈಯೆತ್ತಿ ನಿಲ್ಲಿಸಿ, ಒಂದೊಂದನ್ನೇ ಎತ್ತಿ ಹೊಟ್ಟೆ ತಿರುಗಿಸಿ ನೋಡಿದರು. ಹಿಂದಿನ ತೂತುಗಳನ್ನು ಹಲ್ಲು ಎಣಿಸುವಂತೆ ಎಣಿಸಿದರು. ಬೆನ್ನಿನ ಮೇಲೆ ಕೈ ಆಡಿಸಿದರು. ಒಂದು ಆಂಟೆನಾದ್ದನ್ನು ಪಕ್ಕಕ್ಕೆ ತಳ್ಳಿ, "ಒಂಟಿಕೊಂಬಿಂದು ಬ್ಯಾಡ. ಒಂಟಿಕೊಂಬಿನ ಎತ್ತು ಯಾವ ನೊಗಕ್ಕೂ ಕೂರದಿಲ್ಲ" ಎಂದರು. ಎರಡು ಆಂಟೆನಾದ ಒಂದನ್ನು ಎತ್ತಿ, ಆಂಟೆನಾಗಳನ್ನು ನೆಟ್ಟಗೆ ನಿಲ್ಲಿಸಿ, ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, "ಆಹಾ! ಕೊಂಬು ನೋಡ್ಲಾ, ಸಮವಾಗವೆ. ಇದನ್ನೇ ಹಿಡಿ" ಎಂದರು. ಅದು ನಾನು ಅಷ್ಟೊಂದು ಪತ್ರಿಕೆ ಓದಿ ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡು ಬಂದಿದ್ದ ರೂಟರೇ! ಇದನ್ನೇ ಕೊಳ್ಳಬೇಕೆಂದು ನಾನು ಮೊದಲೇ ಅಂದುಕೊಂಡಿದ್ದೆ ಎಂದರೆ ಇಡೀ ಭೂಮಂಡಲದಲ್ಲಿ ಈಗ ಯಾರು ನಂಬುತ್ತಾರೆ? ಅಷ್ಟರಲ್ಲಿ ದೊಡ್ಡಪ್ಪ ಟವೆಲು ತೆಗೆದು ಅಂಗಡಿಯವನ ಕೈಯ ಮೇಲೆ ಹೊದಿಸಿ, ಅದರಡಿ ಅವನ ಬೆರಳು ಹಿಡಿದುಕೊಂಡು ದನದ ವ್ಯಾಪಾರ ಶುರುಮಾಡಿದ್ದರು. ಬೆರಳು ಹಿಡಿದರೆ ಎಷ್ಟು, ಅಮುಕಿದರೆ ಎಷ್ಟು ಎಂಬುದು ಆ ಟೈ ಕಟ್ಟಿದವನಿಗೆ ಹೇಗೆ ಗೊತ್ತಾಗಬೇಕು? ಬಿಳಿಚಿಕೊಂಡು, "ಸಾರ್, ಕೈ ಬಿಡೋಕೆ ಹೇಳಿ ಸಾರ್, ಡಿಸ್ಕೌಂಟ್ ಕೊಡ್ತೀನಿ" ಎಂದ. ಬಸ್ಸಿನಲ್ಲಿ ಹುಣಸೂರಿನ ತನಕ ಸಿಕ್ಕಿದವರಿಗೆಲ್ಲ ದೊಡ್ಡಪ್ಪ ಡಬ್ಬಿ ತೆರೆದು ಕೊಂಬು ತೋರಿಸಿದರು.

ಹಾಳಾಗಿ ಹೋಗಲಿ, ರೂಟರು ಮಾತ್ರ ಚಿನ್ನದಂಥದು. ಅವ್ವ ಕೊಂಬುಗಳಿಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದಳು. ಅಲೆ ಗೋಡೆ ದಾಟಿತು, ನಡುಮನೆ ದಾಟಿತು, ಹಿತ್ತಲ ಕೊಟ್ಟಿಗೆಯ ತನಕ ಹೋಯಿತು. ಯುಗಾದಿಗೆ ಮೊದಲಿನ ಶುಕ್ರವಾರ ಎಲ್ಲರೂ ಸೇರಿದೆವು. ಕೊಂಬಿನ ಪ್ರತಾಪ ನೋಡಲು ದೊಡ್ಡಪ್ಪನೂ ಉಳಿದುಕೊಂಡಿದ್ದರು. ಲೋಕೇಶ ಪರದೆಯ ಮೇಲೆ ಬಂದ, ಎದುರಿಗೇ ಕೂತಂತೆ. ಅವನ ಅಂಗಿಯ ಗುಂಡಿ ಕೂಡ ಕಾಣುತ್ತಿತ್ತು. ಸವಿತ ಸುತ್ತಿಬಳಸದೆ ಕೇಳಿದಳು: "ಮದುವೆ ಆದ ಮೇಲೂ ನಾನು ಪಾಠ ಮಾಡಬಹುದಾ?"

"ಒಳ್ಳೇ ಪ್ರಶ್ನೆ ಕೇಳಿದ್ರಿ," ಎಂದ ಲೋಕೇಶ. "ಆದ್ರೆ ಅದಕ್ಕೆ ಮೊದಲು ಪಾಠ ಅಂದ್ರೇನು ಅಂತ ನೋಡ್ಬೇಕು."

ಅದನ್ನು ನೋಡಿದ. ಪಾಠದಿಂದ ಮಗ್ಗಿಗೆ ಬಂದ, ಮಗ್ಗಿಯಿಂದ ಜ್ಞಾಪಕಶಕ್ತಿಗೆ, ಅಲ್ಲಿಂದ ಬಾದಾಮಿಗೆ, ಬಾದಾಮಿಯನ್ನು ಸ್ಟೋರಿನಲ್ಲಿ ಹೇಗೆ ಇಡಬೇಕು ಎಂಬಲ್ಲಿಗೆ. ಈರುಳ್ಳಿ ಕೊಳೆಯುವುದು ಯಾಕೆ, ನಮ್ಮ ಜನ ಫ್ರಿಜ್ಜನ್ನು ಹೇಗೆ ತಪ್ಪಾಗಿ ಬಳಸುತ್ತಾರೆ, ಎಲ್ಲ ಬಂತು. ಒಂದೇ ಒಂದು ಅಕ್ಷರ ಕಡಿದುಹೋಗಲಿಲ್ಲ. ನನಗೆ ಆದ ಆನಂದ ಹೇಗೆ ಹೇಳಲಿ! ಅಂತೂ ನಮ್ಮ ಸಂಬಂಧಿಕರಲ್ಲಿ ಬುಡದಿಂದ ಯೋಚಿಸುವ ಒಬ್ಬ ಮನುಷ್ಯ ಸಿಕ್ಕಿದ. ಫ್ರಿಜ್ಜು ಎನ್ನುತ್ತಲೇ ನನಗೆ ತಡೆಯಲಾಗಲಿಲ್ಲ, ಸವಿತಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಶಾಖದ ನಿಯಮ ವಿವರಿಸಿದೆ. ಅವನು ಒಂದು ಆಕ್ಷೇಪ ಎತ್ತಿದ. ನಾನು ಉತ್ತರ ಕೊಟ್ಟೆ. ನಾನು ಹೆಣ್ಣು ನೋಡಲು ಹೋದ ದಿನ ಮಂಜುಳಗೆ ಪ್ರೆಶರ್ ಕುಕ್ಕರಿನ ತತ್ತ್ವ ಹೇಳಿಕೊಟ್ಟ ಸಂಗತಿಯನ್ನೂ ಹೇಳಿದೆ. ಅವನು ಬಹಳ ಮೆಚ್ಚಿದ. ಮಾತು ಮುಗಿದಾಗ ನೋಡುತ್ತೇನೆ, ದೊಡ್ಡಪ್ಪ ಗೊರಕೆ ಹೊಡೆಯುತ್ತಿದ್ದಾರೆ, ಲೋಕೇಶನ ಅಪ್ಪ ತಟ್ಟೆ ಹಿಡಿದುಕೊಂಡೇ ತೂಕಡಿಸುತ್ತಿದ್ದಾರೆ, ಪೂರ್ವಾಭಿಮುಖವಾದ ಕುರ್ಚಿ ಖಾಲಿ. ಸವಿತ ಯಾವಾಗ ಎದ್ದುಹೋದಳೋ ನನಗೂ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ.

ಬೀಗರನ್ನು ಬಸ್ಸು ಹತ್ತಿಸಿ ಬಂದೆ. ಸವಿತ ನಡುಮನೆಯಲ್ಲಿ ಸ್ಟೂಲಿನ ಬಟ್ಟೆ ಕೊಡವುತ್ತಿದ್ದಳು. "ಈ ಸಂಬಂಧ ಬೇಡ ಅಣ್ಣ" ಎಂದಳು.

ಅವ್ವ ತಲೆ ಮೇಲೆ ಕೈಹೊತ್ತಳು. "ಆ ಮೊದ್ಲ ಡಬ್ಬನೇ ಇದ್ದಿದ್ರೆ ಇಷ್ಟೊತ್ಗೆ ಲಗ್ನ ಕಟ್ಟಿರೋರು! ಮುಂಡೇದು, ಎಂಥಾ ಒಳ್ಳೇ ಡಬ್ಬ, ಬೇಕಾದಷ್ಟೇ ಮಾತು ಬುಡ್ತಿತ್ತು." ದೊಡ್ಡಪ್ಪ ಆಕಳಿಸಿ, "ನನ್ನ ಕೊಂಬಿನ್ ಮ್ಯಾಲೆ ತಪ್ಪಾಕ್ಬ್ಯಾಡಿ. ಎತ್ತು ಸರ್ಯಾಗೇ ಅದೆ" ಎಂದರು.

ನನಗೆ ರೇಗಿಹೋಯಿತು. ಬೇಲು ಹೊರಿಸಿದ್ದು, ಬೈಸಿಕೊಂಡದ್ದು, ಬಸ್ಸಿನಲ್ಲಿ ಮಾನ ಕಳೆದುಕೊಂಡದ್ದು ಇದಕ್ಕೇನು? "ಅವನಲ್ಲಿ ಏನಮ್ಮ ಕೊರತೆ? ಎಷ್ಟು ತಿಳಿದುಕೊಂಡಿದ್ದಾನೆ! ಎಷ್ಟು ಚೆನ್ನಾಗಿ ವಿವರಿಸ್ತಾನೆ!"

"ಕೆಟ್ಟೋರು ಅನ್ನಲ್ಲ ಅಣ್ಣ" ಎಂದಳು ಸವಿತ, ಬಹಳ ಮೃದುವಾಗಿ. "ಪಾಠ ಮಾಡಬಹುದಾ ಅಂತ ಕೇಳಿದ್ನಲ್ಲ, ಹೌದೋ ಅಲ್ವೋ ಅನ್ನೋದು ಕೊನೇ ತನಕ ಬರಲೇ ಇಲ್ಲ. ಥೇಟ್ ನಿನ್ನ ಥರಾನೇ. ಹುಟ್ಟಿದಾಗಿನಿಂದ ನಿನ್ನ ಕ್ಲಾಸಲ್ಲಿ ಕೂತಿದ್ದೀನಿ. ಮದುವೆ ಮಾಡ್ಕೊಂಡು ಇನ್ನೊಂದು ಕ್ಲಾಸಿಗೆ ಸೇರೋ ಶಕ್ತಿ ನಂಗಿಲ್ಲ."

ಅಡುಗೆಮನೆಯಲ್ಲಿ ಮಂಜುಳ ಲೋಟ ತೊಳೆಯುತ್ತಿದ್ದ ಸದ್ದು ನಿಂತು, ನಗುವಿನಂಥ ಏನೋ ಕೇಳಿಸಿತು. ನನಗೂ ಅವನಿಗೂ ಎಲ್ಲಿಂದೆಲ್ಲಿಯ ಹೋಲಿಕೆ! ಅವನು ವಿಷಯ ಬಿಟ್ಟು ಎಲ್ಲೆಲ್ಲೋ ಹೋಗುತ್ತಾನೆ. ನಾನು ಹೋದರೂ ಒಂದು ಕಾರಣಕ್ಕೆ ಹೋಗುತ್ತೇನೆ. ಇದನ್ನು ಇಲ್ಲೇ ಇತ್ಯರ್ಥ ಮಾಡಬೇಕೆಂದು, "ನೋಡು, ಮೊದಲು ಮಾತು ಅಂದರೇನು ಅಂತ ತಿಳಿದುಕೊಳ್ಳಬೇಕು" ಎಂದು, ಮುಂದಿನ ಕೋಣೆಯ ಬಾಗಿಲಲ್ಲಿ ನಿಂತು, ಕಣ್ಣು ಮುಚ್ಚಿ, ಕ್ರಮವಾಗಿ ವಿವರಿಸಿದೆ. ನನಗೂ ಅವನಿಗೂ ಇರುವ ವ್ಯತ್ಯಾಸಗಳನ್ನು ಒಂದೊಂದಾಗಿ ಹೇಳಿ, ಉದಾಹರಣೆ ಕೊಟ್ಟು, ಮುಗಿಸಿ ಕಣ್ಣು ಬಿಟ್ಟರೆ ನಡುಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹಿಂದೆ ತಿರುಗಿ ನೋಡಿದೆ. ಬೇಲುಗಳ ಪಕ್ಕದಲ್ಲಿ ಆ ರೂಟರು ಒಂದೇ, ಎರಡೂ ಕೊಂಬು ನೆಟ್ಟಗೆ ಮಾಡಿಕೊಂಡು, ಎಲ್ಲ ದೀಪ ಹೊತ್ತಿಸಿಕೊಂಡು ನಾನು ಹೇಳಿದ್ದನ್ನು ಕೇಳುತ್ತಿತ್ತು.